ಬಫಿಂಗ್ ಮಾಡಿದ ಪ್ರೊಪೆಲ್ಲರ್ ಅಲಗು: ಅಂಗಡಿಯ ಮಾತು ಮತ್ತು ಬುಡದ ಅಂಕಿ

ಹಳೆಯ ವಿಮಾನಗಳ ಬಿಡಿಭಾಗಗಳಿಗೆ ಬಫಿಂಗ್ ಮಾಡಿಸಿ, ಅಂದರೆ ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿ ಹೊಳಪು ಬರಿಸಿ, ಮರದ ಪೀಠದ ಮೇಲೆ ನಿಲ್ಲಿಸಿ, ಮನೆಯ ಹಜಾರಕ್ಕೂ ಕಚೇರಿಯ ಮುಂಗೋಣೆಗೂ ಮಾರುವ ವ್ಯಾಪಾರ ಬೆಂಗಳೂರಿನಲ್ಲಿ ಕೆಲವು ಕಾಲದಿಂದ ನಡೆಯುತ್ತಿದೆ. ಅಂಥದೊಂದು ಅಂಗಡಿಯಿಂದ ನಾನು ಕೊಂಡು ತಂದ ಲೋಹದ ಪ್ರೊಪೆಲ್ಲರ್ ಅಲಗಿನ ವಿಮರ್ಶೆ ಇದು. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ವಸ್ತು ಅಸಲಿ, ಬೆಲೆ ಹೆಚ್ಚಾದರೂ ಅನ್ಯಾಯದ್ದಲ್ಲ, ಪೀಠದ ಮರಗೆಲಸ ಅಚ್ಚುಕಟ್ಟು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಆಕ್ಷೇಪವಿರುವುದು ವಸ್ತುವಿನ ಜೊತೆಗೆ ಕೊಟ್ಟ ಇತಿಹಾಸದ ಬಗ್ಗೆ ಮತ್ತು ಹೊಳಪು ಬರಿಸುವ ಭರದಲ್ಲಿ ನಿಜವಾದ ಇತಿಹಾಸವನ್ನು ಹೇಳಬಲ್ಲ ಗುರುತುಗಳನ್ನೇ ಉಜ್ಜಿ ತೆಗೆಯುವ ಪದ್ಧತಿಯ ಬಗ್ಗೆ.

ಅಂಗಡಿಯಲ್ಲಿ ಅಲಗನ್ನು ನಿಲ್ಲಿಸಿದ್ದ ರೀತಿ ಕಣ್ಣು ಸೆಳೆಯುವಂತಿತ್ತು. ಐದಡಿಗೂ ಮಿಕ್ಕ ಎತ್ತರ, ಕನ್ನಡಿಯಂಥ ಹೊಳಪು, ಕೆಳಗೆ ಹಲಸಿನ ಮರದ ದಪ್ಪ ಪೀಠ, ಪೀಠದ ಮೇಲೆ ಹಿತ್ತಾಳೆಯ ಬಣ್ಣದ ಒಂದು ಫಲಕ. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಸ್ಪಿಟ್‌ಫೈರ್ ವಿಮಾನದ ಪ್ರೊಪೆಲ್ಲರ್ ಎಂದು ಆ ಫಲಕ ಹೇಳುತ್ತಿತ್ತು. ಹಾಗೆಂದು ಹೇಗೆ ಗೊತ್ತಾಯಿತು ಎಂದು ಕೇಳಿದಾಗ ಮಾಲೀಕರು, "ಮೇಡಂ, ನಮ್ಮ ಹತ್ರ ಬರೋದೆಲ್ಲ ಒರಿಜಿನಲ್ಲೇ. ಇದು ಎಚ್‌ಎಎಲ್ ಕಡೆಯಿಂದ ಬಂದ ಮಾಲು, ವಾರ್ ಟೈಮ್‌ದು" ಎಂದರು. ಎಚ್‌ಎಎಲ್ ಎಂದರೆ ಬೆಂಗಳೂರಿನ ಸರ್ಕಾರಿ ವಿಮಾನ ಕಾರ್ಖಾನೆ. ಒರಿಜಿನಲ್ ಎಂಬ ಮಾತು ನಿಜವಾಗಿಯೇ ಇತ್ತು. ಆದರೆ ಒರಿಜಿನಲ್ ಆಗಿರುವುದು ಬೇರೆ, ಸ್ಪಿಟ್‌ಫೈರ್‌ನದಾಗಿರುವುದು ಬೇರೆ. ಒಂದು ವಾಕ್ಯದಲ್ಲಿ ಮೂರು ಹೇಳಿಕೆಗಳನ್ನು ಕಟ್ಟಿ ಕೊಟ್ಟರೆ ಮೊದಲನೆಯದರ ನಿಜ ಉಳಿದೆರಡಕ್ಕೂ ಅಂಟಿಕೊಂಡಂತೆ ಕಾಣುತ್ತದೆ. ಈ ವ್ಯಾಪಾರದ ಮಾತುಗಾರಿಕೆಯೇ ಅದು.

ಸ್ಪಿಟ್‌ಫೈರ್ ಎಂಬ ಹೆಸರು ಯಾಕೆ ಅನುಮಾನ ಹುಟ್ಟಿಸಿತೆಂದರೆ, ಆ ವಿಮಾನದ ಪ್ರೊಪೆಲ್ಲರ್‌ಗಳ ಇತಿಹಾಸ ಸಾಕಷ್ಟು ಸ್ಪಷ್ಟವಾಗಿದೆ. ಮೊಟ್ಟಮೊದಲ ಸ್ಪಿಟ್‌ಫೈರ್‌ಗಳಿಗೆ ಎರಡು ಅಲಗಿನ ಮರದ ಪ್ರೊಪೆಲ್ಲರ್ ಇತ್ತು. ಆಮೇಲೆ ಡಿ ಹ್ಯಾವಿಲೆಂಡ್ ಕಂಪನಿಯ ಮೂರು ಅಲಗಿನ ಲೋಹದ ಪ್ರೊಪೆಲ್ಲರ್ ಬಂತು. ರೋಲ್ಸ್ ರಾಯ್ಸ್ ಮತ್ತು ಬ್ರಿಸ್ಟಲ್ ಕಂಪನಿಗಳು ಸೇರಿ 1937ರಲ್ಲಿ ಸ್ಥಾಪಿಸಿದ ರೋಟಾಲ್ ಕಂಪನಿಯ ಪ್ರೊಪೆಲ್ಲರ್‌ಗಳೂ ಬಳಕೆಗೆ ಬಂದವು. ಭಾರತದಲ್ಲಿ ಹಾರಿದ ತಡವಾದ ಮಾದರಿಗಳಿಗೆ ನಾಲ್ಕು ಅಥವಾ ಐದು ಅಲಗುಗಳಿದ್ದವು. ಅವು ಹೆಚ್ಚಾಗಿ ಅಂಟು ಹಾಕಿ ಒತ್ತಿ ಗಟ್ಟಿಮಾಡಿದ ಮರದವು, ಮೇಲೆ ರಕ್ಷಣೆಯ ಹೊದಿಕೆ. ಆದ್ದರಿಂದ ನಮ್ಮ ಊರಿನ ಗುಜರಿಯಲ್ಲಿ ಸಿಕ್ಕ ಅಲ್ಯುಮಿನಿಯಂ ಅಲಗು ಸ್ಪಿಟ್‌ಫೈರ್‌ನದಾಗಿರುವುದು ಅಸಾಧ್ಯವಲ್ಲದಿದ್ದರೂ ಸುಲಭವಾಗಿ ನಂಬುವಂಥದಲ್ಲ. ಮಾರಾಟಕ್ಕೆ ಆ ಹೆಸರು ಅನುಕೂಲ ಎಂಬುದಂತೂ ಸ್ಪಷ್ಟ. ಸರಕು ಸಾಗಿಸುವ ವಿಮಾನದ ಅಲಗು ಎಂದರೆ ಹಜಾರದಲ್ಲಿ ನಿಲ್ಲಿಸಿಕೊಳ್ಳಲು ಎಷ್ಟು ಜನ ಮುಂದೆ ಬಂದಾರು?

ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದ ನಮ್ಮ ದೊಡ್ಡಪ್ಪನವರಿಗೆ ಫೋಟೊ ತೋರಿಸಿದಾಗ ಅವರು ಫಲಕದ ಕಡೆ ನೋಡಲೇ ಇಲ್ಲ. "ಬುಡ ಎಲ್ಲಮ್ಮ? ಬುಡ ತೋರಿಸು, ಮಿಕ್ಕಿದ್ದು ಆಮೇಲೆ" ಎಂದರು. ಫೋಟೊದಲ್ಲಿ ಬುಡ ಇರಲಿಲ್ಲ. ಅದು ಪೀಠದೊಳಗೆ ಹೂತಿತ್ತು. ಹೀಗಾಗಿ ಕೊಳ್ಳುವ ಮುನ್ನ ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನಷ್ಟೇ ಮಾಡಿದೆ. ಅವು ಯಾರು ಬೇಕಾದರೂ ಮಾಡಬಹುದಾದಂಥವು, ಮಾಲೀಕರು ಬೇಸರಿಸಿಕೊಳ್ಳದೆ ಬಿಟ್ಟುಕೊಟ್ಟರು ಎಂಬುದನ್ನು ಅವರ ಪರವಾಗಿ ದಾಖಲಿಸಬೇಕು.

ಮೊದಲನೆಯದು ಎರಕವೋ ಬಡಿದು ಮಾಡಿದ್ದೋ ಎಂಬ ಪರೀಕ್ಷೆ. ಅಲಂಕಾರಕ್ಕೆಂದೇ ಎರಕ ಹೊಯ್ದ ನಕಲಿ ಅಲಗುಗಳು ಮಾರುಕಟ್ಟೆಯಲ್ಲಿವೆ. ಅವುಗಳ ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಾಣಸಿಗುತ್ತವೆ ಮತ್ತು ಅಲಗಿಗೆ ತಿರುಚು ಇರುವುದಿಲ್ಲ, ಇದ್ದರೂ ಬುಡದಿಂದ ತುದಿಯವರೆಗೆ ಒಂದೇ ಸಮ ಇರುತ್ತದೆ. ನಿಜವಾದ ಅಲಗಿನ ತಿರುಚು ಹಾಗಿರಲಾರದು. ಪ್ರೊಪೆಲ್ಲರ್ ಒಂದು ಸುತ್ತು ತಿರುಗುವಾಗ ತುದಿ ದೊಡ್ಡ ವೃತ್ತದಲ್ಲಿ ಬಹಳ ವೇಗವಾಗಿಯೂ ಬುಡ ಸಣ್ಣ ವೃತ್ತದಲ್ಲಿ ನಿಧಾನವಾಗಿಯೂ ಚಲಿಸುವುದರಿಂದ, ಎಲ್ಲ ಭಾಗವೂ ಗಾಳಿಯನ್ನು ಸರಿಯಾದ ಕೋನದಲ್ಲಿ ಸೀಳಬೇಕಾದರೆ ಬುಡದ ಕಡೆ ಓರೆ ಹೆಚ್ಚಾಗಿಯೂ ತುದಿಯ ಕಡೆಗೆ ಹೋದಂತೆ ಕಡಿಮೆಯಾಗಿಯೂ ಇರಬೇಕು. ತುದಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಅಲಗಿನ ಉದ್ದಕ್ಕೂ ನೋಡಿದಾಗ ಆ ತಿರುಚು ನಿಧಾನವಾಗಿ ಬಿಚ್ಚಿಕೊಳ್ಳುವುದು ಕಂಡಿತು. ಇಬ್ಬರು ಹಿಡಿದರೂ ಎತ್ತಲು ಪ್ರಯಾಸಪಡುವಷ್ಟು ಭಾರವೂ ಇತ್ತು. ಅಸಲಿ ಎಂಬ ಮಾತು ಅಲ್ಲಿಗೆ ಖಚಿತವಾಯಿತು.

ಎರಡನೆಯದು ಅಯಸ್ಕಾಂತ. ಇದನ್ನು ಹೆಚ್ಚಿನವರು ಅನಗತ್ಯ ಎಂದುಕೊಳ್ಳುತ್ತಾರೆ, ಏಕೆಂದರೆ ವಿಮಾನ ಎಂದರೆ ಅಲ್ಯುಮಿನಿಯಂ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಅಮೆರಿಕದ ಕರ್ಟಿಸ್ ಎಲೆಕ್ಟ್ರಿಕ್ ಪ್ರೊಪೆಲ್ಲರ್‌ಗಳಲ್ಲಿ ಒಳಗೆ ಟೊಳ್ಳಾದ ಉಕ್ಕಿನ ಅಲಗುಗಳು ಬಳಕೆಯಲ್ಲಿದ್ದವು. ಅಸ್ಸಾಮಿನಿಂದ ಹಿಮಾಲಯದ ಪೂರ್ವದ ತುದಿಯನ್ನು ದಾಟಿ ಚೀನಾಕ್ಕೆ ಸರಕು ಸಾಗಿಸುತ್ತಿದ್ದ ಸಿ-46 ಕಮಾಂಡೊ ವಿಮಾನಗಳಲ್ಲೂ ಬರ್ಮಾ ರಂಗದಲ್ಲಿ ಹಾರಿದ ಥಂಡರ್‌ಬೋಲ್ಟ್ ಯುದ್ಧವಿಮಾನಗಳಲ್ಲೂ ಕರ್ಟಿಸ್ ಪ್ರೊಪೆಲ್ಲರ್‌ಗಳಿದ್ದವು. ಆದ್ದರಿಂದ ಅಯಸ್ಕಾಂತ ಅಂಟಿದರೆ ಹುಡುಕಾಟದ ದಿಕ್ಕೇ ಬೇರೆಯಾಗುತ್ತದೆ. ಇಲ್ಲಿ ಅಂಟಲಿಲ್ಲ.

ಮೂರನೆಯದು ತಿರುಗುವ ದಿಕ್ಕು. ಅಲಗನ್ನು ಬುಡ ಕೆಳಗಾಗಿ ನಿಲ್ಲಿಸಿ, ಅದರ ಉಬ್ಬಿದ ಮುಖ ನಮ್ಮ ಕಡೆ ಇರುವಂತೆ ಎದುರು ನಿಂತರೆ ನಾವು ವಿಮಾನದ ಮುಂದೆ ನಿಂತಂತೆ ಆಗುತ್ತದೆ. ಎರಡು ಅಂಚುಗಳಲ್ಲಿ ದಪ್ಪಗಿದ್ದು ದುಂಡಗಿರುವುದು ಗಾಳಿಯನ್ನು ಮೊದಲು ಸೀಳುವ ಅಂಚು, ತೆಳ್ಳಗಿರುವುದು ಹಿಂದಿನದು. ದಪ್ಪ ಅಂಚು ನಮ್ಮ ಎಡಕ್ಕಿದ್ದರೆ ಆ ಪ್ರೊಪೆಲ್ಲರ್ ಪೈಲಟ್‌ನ ಕಣ್ಣಿಗೆ ಗಡಿಯಾರದ ಮುಳ್ಳಿನಂತೆ ತಿರುಗುವಂಥದು, ಬಲಕ್ಕಿದ್ದರೆ ಅದಕ್ಕೆ ವಿರುದ್ಧ. ಸ್ಪಿಟ್‌ಫೈರ್‌ನ ಮೆರ್ಲಿನ್ ಎಂಜಿನ್ ಮೊದಲ ಬಗೆಯದು, ಮುಂದೆ ಬಂದ ಗ್ರಿಫನ್ ಎಂಜಿನ್ ಎರಡನೆಯ ಬಗೆಯದು. ಅಮೆರಿಕದ ದೊಡ್ಡ ಎಂಜಿನ್‌ಗಳು ಸಾಮಾನ್ಯವಾಗಿ ಮೊದಲ ಬಗೆಯವು. ನನ್ನ ಅಲಗಿನ ದಪ್ಪ ಅಂಚು ಎಡಕ್ಕಿತ್ತು. ಇದರಿಂದ ಸ್ಪಿಟ್‌ಫೈರ್‌ನ ಮೆರ್ಲಿನ್ ಮಾದರಿಗಳು ಪೂರ್ತಿ ಹೊರಗುಳಿಯಲಿಲ್ಲ, ಆದರೆ ಗ್ರಿಫನ್ ಮಾದರಿಗಳು ಹೊರಬಿದ್ದವು. ಪೀಠ ಬಿಚ್ಚದೆ ಇದಕ್ಕಿಂತ ಮುಂದೆ ಹೋಗುವುದು ಸಾಧ್ಯವಿರಲಿಲ್ಲ, ಮತ್ತು ಪೀಠ ಬಿಚ್ಚಲು ಅಂಗಡಿಯವರು ಒಪ್ಪಲಿಲ್ಲ. ಗ್ರಾಹಕರ ದೃಷ್ಟಿಯಿಂದ ಇದನ್ನು ನಾನು ಒಂದು ಕೊರತೆ ಎಂದೇ ಎಣಿಸುತ್ತೇನೆ. ಎಂಜಿನ್ ಸಂಖ್ಯೆ ತೋರಿಸದೆ ಹಳೆಯ ಕಾರನ್ನು ಯಾರೂ ಮಾರುವುದಿಲ್ಲ.

ಮನೆಗೆ ಬಂದ ಮೇಲೆ ಪೀಠವನ್ನು ತಲೆಕೆಳಗಾಗಿಸಿ, ಮಧ್ಯದ ದಪ್ಪ ಬೋಲ್ಟನ್ನು ಬಿಚ್ಚಿ, ಅಲಗನ್ನು ಹಳೆಯ ಕಂಬಳಿಯ ಮೇಲೆ ಮಲಗಿಸಿದೆವು. ಬುಡ ಹೊರಬಂದಾಗ ಒಂದು ವಿಷಯ ಒಡನೆ ಕಾಣಿಸಿತು: ಇಡೀ ಅಲಗಿನಲ್ಲಿ ಬಫಿಂಗ್ ಚಕ್ರ ಮುಟ್ಟದೆ ಉಳಿದಿದ್ದ ಜಾಗ ಅದೊಂದೇ. ಬುಡ ಗುಂಡಗಿತ್ತು, ಕೊನೆಯಲ್ಲಿ ಅಂಚು ಹೊರಕ್ಕೆ ಅರಳಿಕೊಂಡಿತ್ತು ಮತ್ತು ನಡುವೆ ಒಳಕ್ಕೆ ಹೋದಂತೆ ಕಿರಿದಾಗುವ ಕುಳಿಯಿತ್ತು. ಈ ಮೂರೂ ಅರ್ಥವುಳ್ಳವು. ಸಣ್ಣ ತರಬೇತಿ ವಿಮಾನಗಳ ಸ್ಥಿರ ಪ್ರೊಪೆಲ್ಲರ್‌ನಲ್ಲಿ ಎರಡೂ ಅಲಗುಗಳು ಒಂದೇ ತುಂಡು. ಬುಡ ಎಂಬುದೇ ಇರುವುದಿಲ್ಲ. ಗುಂಡನೆಯ ಬುಡವಿದ್ದರೆ ಅಲಗು ಹಬ್‌ನೊಳಗೆ, ಅಂದರೆ ಅಲಗುಗಳನ್ನು ಹಿಡಿದಿಡುವ ನಡುವಿನ ಭಾಗದೊಳಗೆ, ತನ್ನ ಅಕ್ಷದಲ್ಲಿ ಹೊರಳಿ ಕೋನ ಬದಲಿಸಿಕೊಳ್ಳುತ್ತಿತ್ತು ಎಂದರ್ಥ. ಅರಳಿದ ಅಂಚು ಬೇರಿಂಗಿಗೆ ಆಸರೆ. ತಿರುಗುವಾಗ ಅಲಗನ್ನು ಹೊರಕ್ಕೆ ಎಳೆಯುವ ಟನ್‌ಗಟ್ಟಲೆ ಬಲವನ್ನು ತಡೆದು ಹಿಡಿಯುವುದು ಅದೇ. ಕುಳಿಯೊಳಗೆ ಅಲಗುಗಳ ತೂಕ ಸರಿದೂಗಿಸಲು ಸೀಸ ತುಂಬುವ ಪದ್ಧತಿಯೂ ಇತ್ತು. ಆದ್ದರಿಂದ ಅಲ್ಲಿ ಬರಿಗೈ ಹಾಕದೆ ಕೈಗವಸು ತೊಡುವುದು ಒಳ್ಳೆಯದು, ಮಕ್ಕಳನ್ನು ದೂರವಿಡುವುದು ಇನ್ನೂ ಒಳ್ಳೆಯದು.

ಬುಡದ ಚಪ್ಪಟೆ ಮುಖದ ಮೇಲೆ ಗಟ್ಟಿಯಾಗಿ ಕಟ್ಟಿದ್ದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಲೋಹದ ಬ್ರಷ್, ಎಮರಿ ಕಾಗದ, ಚಾಕುವಿನ ತುದಿ ಇವು ಯಾವುವೂ ಕೂಡದು; ಗುದ್ದಿದ ಅಂಕಿಯ ಆಳ ಕೂದಲೆಳೆಯಷ್ಟು ಮಾತ್ರ ಇರುತ್ತದೆ. ಗ್ರೀಸು ಹೋದ ಮೇಲೂ ನೇರ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಲೋಹದ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಹಾಯಿಸಿದಾಗ ಅಂಕಿಗಳ ನೆರಳು ಮೇಲೆದ್ದಿತು. 6, 3, 5 ಸ್ಪಷ್ಟವಾಗಿದ್ದವು. ಮುಂದಿನದು 3 ಇರಬಹುದು, 8 ಕೂಡ ಇರಬಹುದು. ತೆಳುವಾದ ಕಾಗದವನ್ನು ಅದರ ಮೇಲೆ ಬಿಗಿಯಾಗಿ ಹಿಡಿದು ಮೆತ್ತನೆಯ ಪೆನ್ಸಿಲನ್ನು ಅಡ್ಡವಾಗಿ ಉಜ್ಜಿದಾಗ ಆ ಅಂಕಿಯ ಎಡಬದಿ ತೆರೆದೇ ಇರುವುದು ಕಾಗದದ ಮೇಲೆ ಮೂಡಿತು. 6353ಎ-18. ಅದರ ಪಕ್ಕದಲ್ಲಿ ಅಲಗಿನ ಕ್ರಮಸಂಖ್ಯೆ ಮತ್ತು ತಪಾಸಣೆ ಮಾಡಿದವರು ಒತ್ತಿದ ಚಿಕ್ಕ ಚಿಕ್ಕ ಠಸ್ಸೆಗಳು ಇದ್ದವು.

ಈ ಅಂಕಿಯ ಶೈಲಿ ಅಮೆರಿಕದ ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ಕಂಪನಿಯದು. ಹ್ಯಾಮಿಲ್ಟನ್ ಮತ್ತು ಸ್ಟ್ಯಾಂಡರ್ಡ್ ಸ್ಟೀಲ್ ಎಂಬ ಎರಡು ಪ್ರೊಪೆಲ್ಲರ್ ಕಂಪನಿಗಳು 1929ರಲ್ಲಿ ಒಂದಾಗಿ ಹುಟ್ಟಿದ ಕಂಪನಿ ಅದು. ಅಡ್ಡಗೆರೆಯ ಮುಂಚಿನ ಅಂಕಿ ಅಲಗಿನ ವಿನ್ಯಾಸದ್ದು. ಅಡ್ಡಗೆರೆಯ ನಂತರದ ಅಂಕಿ ಬಹಳ ಸ್ವಾರಸ್ಯದ್ದು: ಮೂಲ ವಿನ್ಯಾಸದ ವ್ಯಾಸದಿಂದ ಎಷ್ಟು ಅಂಗುಲ ಕಡಿಮೆ ಮಾಡಲಾಗಿದೆ ಎಂಬುದನ್ನು ಅದು ಹೇಳುತ್ತದೆ. ಇದಕ್ಕೆ ಸುಲಭದ ಉದಾಹರಣೆ ಹಾರ್ವರ್ಡ್ ತರಬೇತಿ ವಿಮಾನ. ಅದರ ಅಲಗು 6101ಎ-12. ಮೂಲ ವಿನ್ಯಾಸದ ವ್ಯಾಸ ಹತ್ತು ಅಡಿ, ಹನ್ನೆರಡು ಅಂಗುಲ ಕಳೆದರೆ ಒಂಬತ್ತು ಅಡಿ, ಹಾರ್ವರ್ಡ್‌ನ ಪ್ರೊಪೆಲ್ಲರ್ ವ್ಯಾಸವೂ ಒಂಬತ್ತು ಅಡಿ. ಹಬ್‌ಗಳ ಹೆಸರಿಗೂ ಹೀಗೆಯೇ ಒಂದು ವ್ಯಾಕರಣವಿದೆ. 23ಇ50 ಎಂಬ ಹೆಸರಿನಲ್ಲಿ 2 ಎಂಬುದು ಹಬ್‌ನಲ್ಲಾದ ಸುಧಾರಣೆಯ ಸಂಖ್ಯೆ, 3 ಎಂಬುದು ಅಲಗುಗಳ ಸಂಖ್ಯೆ, ಇ ಎಂಬುದು ಬುಡದ ಗಾತ್ರ, 50 ಎಂಬುದು ಎಂಜಿನ್ನಿನ ದಂಡಕ್ಕೆ ಕೂರುವ ಹಲ್ಲುಗಳ ಗಾತ್ರದ ಗುರುತು. ಇಷ್ಟು ಗೊತ್ತಿದ್ದರೆ ಅಲಗಿನ ಅಂಕಿಯನ್ನು ವಿಮಾನದ ಪ್ರಮಾಣಪತ್ರದ ದಾಖಲೆಯೊಂದಿಗೆ ಹೋಲಿಸಿ ನೋಡುವುದಷ್ಟೇ ಉಳಿಯುವ ಕೆಲಸ.

ಹೋಲಿಸಿ ನೋಡಿದಾಗ ಸಿಕ್ಕ ಉತ್ತರ: ಡಕೋಟಾ ಎಂಬ ಸಾಗಣೆ ವಿಮಾನ. ಡಿಸಿ-3 ಮತ್ತು ಅದರ ಸೈನಿಕ ರೂಪವಾದ ಸಿ-47 ವಿಮಾನಗಳಲ್ಲಿ 23ಇ50 ಹಬ್‌ಗೆ 6353ಎ-18 ಅಲಗುಗಳನ್ನು ಜೋಡಿಸುತ್ತಿದ್ದರು. ಮೂರು ಅಲಗು, ಸುಮಾರು ಹನ್ನೊಂದೂವರೆ ಅಡಿ ವ್ಯಾಸ, ಹಿಂದೆ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಹದಿನಾಲ್ಕು ಸಿಲಿಂಡರಿನ ಎಂಜಿನ್. ಅದೇ ಮಾದರಿಯ ಹಬ್ ಬಿ-17 ಮತ್ತು ಲಿಬರೇಟರ್ ಬಾಂಬರುಗಳಲ್ಲೂ ಇತ್ತು, ಆದ್ದರಿಂದ ಬುಡದ ಗಾತ್ರ ಅಥವಾ ಆಕಾರ ಮಾತ್ರ ನೋಡಿ ವಿಮಾನದ ಹೆಸರು ಹೇಳುವುದು ತಪ್ಪಾಗುತ್ತದೆ. ಅಲಗಿನ ವಿನ್ಯಾಸದ ಅಂಕಿಯೇ ಬೇಕು. ಅಳತೆಯ ಟೇಪನ್ನೂ ಪೂರ್ತಿ ನಂಬಲಾಗದು: ತುದಿಗೆ ಕಲ್ಲು ಬಡಿದು ಪೆಟ್ಟಾದಾಗ ಮೂರೂ ಅಲಗುಗಳನ್ನು ಸಮವಾಗಿ ಸ್ವಲ್ಪ ಕತ್ತರಿಸಿ ಮತ್ತೆ ಬಳಸುವುದಿತ್ತು, ಹಾಗಾಗಿ ಹಲವು ಸಲ ರಿಪೇರಿ ಕಂಡ ಅಲಗು ದಾಖಲೆಗಿಂತ ಗಿಡ್ಡವಿರಬಹುದು.

ಸ್ಪಿಟ್‌ಫೈರ್ ಹೋಗಿ ಡಕೋಟಾ ಬಂದದ್ದರಿಂದ ನನಗೇನೂ ನಷ್ಟವಾದಂತೆ ಅನಿಸಲಿಲ್ಲ. ಭಾರತದ ಮಟ್ಟಿಗೆ ಡಕೋಟಾದಷ್ಟು ಕೆಲಸ ಮಾಡಿದ ಇನ್ನೊಂದು ಹಳೆಯ ವಿಮಾನವನ್ನು ಹೆಸರಿಸುವುದು ಕಷ್ಟ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದು ಡಕೋಟಾಗಳೇ. 1953ರಲ್ಲಿ ಖಾಸಗಿ ವಿಮಾನ ಕಂಪನಿಗಳನ್ನು ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಆದಾಗ ಅದರ ಬಳಿ ಹೆಚ್ಚಾಗಿ ಇದ್ದದ್ದೂ ಅವೇ. ವಾಯುಪಡೆಯಲ್ಲಿ ಅವು 1980ರ ದಶಕದವರೆಗೂ ಉಳಿದವು. ಪ್ರಪಂಚದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ತಯಾರಾದ ವಿಮಾನ ಅದು. ಒಂದೊಂದಕ್ಕೂ ಎರಡು ಎಂಜಿನ್, ಆರು ಅಲಗು, ಜೊತೆಗೆ ಬಿಡಿಯಾಗಿ ಬಂದವು. ಗುಜರಿಯಲ್ಲಿ ಈ ಅಂಕಿಯ ಅಲಗುಗಳು ಸಿಗುವುದಕ್ಕೆ ಕಾರಣ ಈ ಸಂಖ್ಯೆಯೇ ಹೊರತು ಯಾವ ರಹಸ್ಯವೂ ಅಲ್ಲ.

ಇಲ್ಲಿಂದ ಅಂಗಡಿಯವರ ಎರಡನೆಯ ಹೇಳಿಕೆಗೆ ಬರುತ್ತೇನೆ. ಎಚ್‌ಎಎಲ್ ಕಡೆಯಿಂದ ಬಂದ, ಯುದ್ಧಕಾಲದ ಮಾಲು ಎಂಬ ಮಾತು ಕಿವಿಗೆ ಹಿತವಾಗಿದೆ, ಅದಕ್ಕೆ ಒಂದು ಹಿನ್ನೆಲೆಯೂ ಇದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಬೆಂಬಲದೊಂದಿಗೆ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು, ಅಂದರೆ ಇಂದಿನ ಎಚ್‌ಎಎಲ್ ಅನ್ನು, ಬೆಂಗಳೂರಿನಲ್ಲಿ ಆರಂಭಿಸಿದರು. 1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆಗೆ ಒಪ್ಪಿಸಲಾಯಿತು, ಅದು 84ನೆಯ ಏರ್ ಡಿಪೊ ಆಯಿತು. ಬರ್ಮಾ ಮತ್ತು ಚೀನಾ ರಂಗದ ವಿಮಾನಗಳು, ಎಂಜಿನ್‌ಗಳು ಇಲ್ಲಿಗೆ ದುರಸ್ತಿಗೆ ಬರುತ್ತಿದ್ದವು. ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ಇದೇ ಕಾರ್ಖಾನೆಗೆ ಬರುತ್ತಿದ್ದವೆಂದರೆ ಇಂದಿನ ಬೆಳ್ಳಂದೂರನ್ನು ಕಂಡವರು ನಂಬಲು ಕಷ್ಟಪಡುತ್ತಾರೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆ ಬಿಟ್ಟುಹೋದ, ಕಾನ್ಪುರದಲ್ಲಿ ಬಿದ್ದಿದ್ದ ಲಿಬರೇಟರ್ ಬಾಂಬರುಗಳನ್ನು ರಿಪೇರಿ ಮಾಡಿ ಸುಮಾರು ನಲವತ್ತು ವಿಮಾನಗಳನ್ನು ವಾಯುಪಡೆಗೆ ಒದಗಿಸಿದ್ದೂ ಎಚ್‌ಎಎಲ್‌ನ ಕೆಲಸವೇ. ಆದರೆ ಈ ಯಾವುದೂ ನನ್ನ ಹಜಾರದಲ್ಲಿರುವ ಅಲಗಿನ ಬಗ್ಗೆ ಏನನ್ನೂ ಸಾಬೀತುಪಡಿಸುವುದಿಲ್ಲ. ಬುಡದ ಅಂಕಿ ವಿಮಾನದ ಮಾದರಿಯನ್ನು ಹೇಳುತ್ತದೆ, ಕ್ರಮಸಂಖ್ಯೆ ಅಲಗನ್ನು ಇತರ ಅಲಗುಗಳಿಂದ ಬೇರ್ಪಡಿಸುತ್ತದೆ. ಯಾವ ವಿಮಾನದಲ್ಲಿ, ಯಾವ ವರ್ಷ, ಎಲ್ಲಿ ಹಾರಿತು ಎಂಬುದನ್ನು ಹೇಳಬೇಕಾದದ್ದು ಅದರ ಜೊತೆಗಿರುತ್ತಿದ್ದ ದಾಖಲೆ ಪುಸ್ತಕ. ಅಲಗುಗಳು ಒಂದು ವಿಮಾನದಿಂದ ಕಳಚಿ, ಓವರ್‌ಹಾಲ್ ಆಗಿ, ಇನ್ನೊಂದಕ್ಕೆ ಹೋಗುತ್ತಿದ್ದವು. ಆ ಪುಸ್ತಕ ಗುಜರಿಗೆ ಬರುವ ಹೊತ್ತಿಗೆ ಬೇರೆಯಾಗಿರುತ್ತದೆ. ಆದ್ದರಿಂದ ನನ್ನ ಅಲಗಿನ ಬಗ್ಗೆ ಧೈರ್ಯವಾಗಿ ಹೇಳಬಹುದಾದದ್ದು ಇಷ್ಟು: ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ವಿನ್ಯಾಸದ್ದು, ಡಕೋಟಾ ಮಾದರಿಗೆ ಒಪ್ಪುವಂಥದು, ಹಲವು ಸಲ ತಪಾಸಣೆ ಕಂಡದ್ದು.

ಮಾಲು ಬಂದ ದಾರಿಯನ್ನು ತೋರಿಸುವ ಇನ್ನೊಂದು ಕಾಗದವೂ ಇದೆ, ಅದನ್ನು ಅಂಗಡಿಯವರು ಮನಸ್ಸು ಮಾಡಿದರೆ ಕೊಡಬಹುದಿತ್ತು. ಸರ್ಕಾರಿ ಸಂಸ್ಥೆಗಳ ಮತ್ತು ರಕ್ಷಣಾ ಇಲಾಖೆಯ ಗುಜರಿ ಎಂಎಸ್‌ಟಿಸಿ ಎಂಬ ಕೇಂದ್ರ ಸರ್ಕಾರದ ಕಂಪನಿ ನಡೆಸುವ ಇ-ಹರಾಜಿನ ಮೂಲಕ ಹೊರಬರುವುದು ಸಾಮಾನ್ಯ. ಹಾಗೆ ಕೊಂಡವರ ಬಳಿ ಲಾಟಿನ ವಿವರ, ಮಾಲು ಎತ್ತಿದ ಪತ್ರ ಇರುತ್ತದೆ. ಅದರ ಒಂದು ನಕಲು ಸಿಕ್ಕರೆ ಎಚ್‌ಎಎಲ್ ಎಂಬ ಮಾತಿಗೆ ತೂಕ ಬರುತ್ತಿತ್ತು. ನಾನು ಕೇಳಿದಾಗ ಸಿಕ್ಕಿದ್ದು ಜಿಎಸ್‌ಟಿ ಬಿಲ್ ಮಾತ್ರ, ಅದರಲ್ಲಿ ಬರೆದದ್ದು ಅಲಂಕಾರಿಕ ವಸ್ತು ಎಂದು. ಫಲಕದ ಮೇಲೆ ಸ್ಪಿಟ್‌ಫೈರ್, ಬಿಲ್ಲಿನ ಮೇಲೆ ಅಲಂಕಾರಿಕ ವಸ್ತು. ಸಹಿ ಹಾಕುವ ಕಾಗದದಲ್ಲಿ ಮಾತ್ರ ಜನ ಎಚ್ಚರ ವಹಿಸುತ್ತಾರೆ.

ಬಫಿಂಗ್ ಬಗ್ಗೆ ನನ್ನ ಅಸಮಾಧಾನ ಫಲಕಕ್ಕಿಂತ ದೊಡ್ಡದು. ಫಲಕವನ್ನು ಕಿತ್ತು ಬೇರೆ ಹಾಕಬಹುದು, ಉಜ್ಜಿಹೋದ ಬಣ್ಣವನ್ನು ಮರಳಿ ತರಲಾಗದು. ಸೇವೆಯಲ್ಲಿದ್ದ ಅಲಗಿಗೆ ಪೈಲಟ್‌ನ ಕಣ್ಣಿಗೆ ಬಿಸಿಲು ಹೊಡೆಯದಂತೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದಿರುತ್ತಿದ್ದರು. ನೆಲದ ಮೇಲೆ ತಿರುಗುವಾಗ ಯಾರೂ ಅದರೊಳಕ್ಕೆ ನಡೆದುಹೋಗದಂತೆ ತುದಿಗೆ ನಾಲ್ಕು ಅಂಗುಲದಷ್ಟು ಹಳದಿ. ಬುಡದ ಹತ್ತಿರ ಕಂಪನಿಯ ಲಾಂಛನದ ಅಚ್ಚು, ಇನ್ನೊಂದು ಮುಖದಲ್ಲಿ ನಕ್ಷೆಯ ಸಂಖ್ಯೆ, ಕ್ರಮಸಂಖ್ಯೆ, ಕೋನಗಳ ವಿವರ. ಈ ಬಣ್ಣದ ಪದರಗಳನ್ನು ಒಂದೊಂದಾಗಿ ನೋಡಿದರೆ ಅಲಗು ಎಷ್ಟು ಬಾರಿ ಓವರ್‌ಹಾಲ್‌ಗೆ ಹೋಗಿತ್ತು, ನಾಗರಿಕ ಸೇವೆಯಲ್ಲಿತ್ತೋ ಸೈನ್ಯದಲ್ಲೋ ಎಂಬ ಸುಳಿವು ಸಿಗಬಹುದು. ನನ್ನ ಅಲಗಿನಲ್ಲಿ ಈ ಯಾವುದೂ ಉಳಿದಿರಲಿಲ್ಲ. ಬದಲಿಗೆ ಹೊಸದಾಗಿ ಮುದ್ರಿಸಿದ ಸ್ಟಿಕ್ಕರ್ ಒಂದನ್ನು ಅಂಟಿಸಿದ್ದರು, ಅಂಚು ಆಗಲೇ ಮೇಲೇಳುತ್ತಿತ್ತು. ದಪ್ಪ ಅಂಚಿನಲ್ಲಿ ಕಲ್ಲೇಟಿನ ಗುರುತನ್ನು ಮೆಕ್ಯಾನಿಕ್‌ಗಳು ಅರದಿಂದ ನಯವಾಗಿ ತೇಯ್ದ ಜಾಗಗಳು ಮಾತ್ರ ಬೆರಳಿಗೆ ತಗ್ಗಾಗಿ ಸಿಗುತ್ತವೆ. ಬಫಿಂಗ್ ಚಕ್ರಕ್ಕೂ ಅವನ್ನು ಅಳಿಸಲಾಗಿಲ್ಲ. ಕಪ್ಪು ಬಣ್ಣ ಅರ್ಧ ಕಿತ್ತುಹೋದ ಅಲಗು ಹಜಾರಕ್ಕೆ ಕಳೆ ಕೊಡುವುದಿಲ್ಲ ಎಂದು ಮಾಲೀಕರು ವಾದಿಸಿದರು. ಗಿರಾಕಿಗಳು ಕೇಳುವುದು ಹೊಳಪನ್ನೇ ಎಂಬ ಅವರ ಮಾತು ಸುಳ್ಳಿರಲಾರದು. ನನಗೆ ಬೇಕಾದದ್ದು ಅದಲ್ಲ.

ಅದೇ ಅಂಗಡಿಯ ಗೋಡೆಯ ಮೇಲಿದ್ದ ಮರದ ಪ್ರೊಪೆಲ್ಲರ್ ಒಂದನ್ನೂ ನೋಡಿದೆ. ಅದನ್ನು ಮೊದಲನೆಯ ಮಹಾಯುದ್ಧದ್ದು ಎಂದು ಬರೆದಿದ್ದರು. ಮರದವುಗಳ ಗುರುತು ಹಿಡಿಯುವುದು ಲೋಹದವುಗಳಿಗಿಂತ ಸುಲಭ, ಏಕೆಂದರೆ ಬ್ರಿಟಿಷರು ನಡುವಿನ ಹಬ್‌ನ ಮರದ ಮೇಲೆಯೇ ನಕ್ಷೆಯ ಸಂಖ್ಯೆ, ಎಂಜಿನ್ನಿನ ಹೆಸರು, ವ್ಯಾಸ, ಪಿಚ್ (ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ), ತಿರುಗುವ ದಿಕ್ಕು ಎಲ್ಲವನ್ನೂ ಗುದ್ದುತ್ತಿದ್ದರು. ಇದರ ಹಬ್‌ನ ಪಕ್ಕದಲ್ಲಿ ಜಿಪ್ಸಿ ಮೇಜರ್ ಎಂಬ ಎಂಜಿನ್ನಿನ ಹೆಸರು ಯಾರಾದರೂ ಓದಬಹುದಾದಷ್ಟು ದೊಡ್ಡದಾಗಿತ್ತು. ಅದು ಟೈಗರ್ ಮಾತ್ ತರಬೇತಿ ವಿಮಾನದ ಎಂಜಿನ್. ಟೈಗರ್ ಮಾತ್ ಮೊದಲ ಬಾರಿ ಹಾರಿದ್ದು 1931ರಲ್ಲಿ. ಮೊದಲನೆಯ ಮಹಾಯುದ್ಧ ಮುಗಿದು ಹದಿಮೂರು ವರ್ಷಗಳಾಗಿದ್ದವು. ತುದಿಯ ಹಿತ್ತಾಳೆ ತಗಡಿನಲ್ಲಿ ಮರದೊಳಗಿನ ತೇವ ಹೊರಹೋಗಲೆಂದು ಕೊರೆದ ಸಣ್ಣ ರಂಧ್ರಗಳು, ಅಂಟಿಸಿದ ಹಲಗೆಗಳ ಪದರಗೆರೆಗಳು, ಬೋಲ್ಟ್ ತೂತುಗಳ ಸುತ್ತ ಹಬ್‌ನ ತಟ್ಟೆ ಒತ್ತಿ ಮೂಡಿದ ಉಂಗುರ ಎಲ್ಲವೂ ಅದು ಹಾರಿದ ಪ್ರೊಪೆಲ್ಲರ್ ಎಂಬುದಕ್ಕೆ ಸಾಕ್ಷಿ. ಅಸಲಿ ವಸ್ತುವಿಗೆ ಸುಳ್ಳು ವಯಸ್ಸು ಕಟ್ಟುವ ಅಗತ್ಯ ಏನಿತ್ತೋ! ನನ್ನ ಅಭಿಪ್ರಾಯದಲ್ಲಿ ಅಂಗಡಿಯಲ್ಲಿರುವ ಎಲ್ಲದಕ್ಕಿಂತ ಒಳ್ಳೆಯ ವಸ್ತು ಅದೇ, ಅದರ ನಡುವಿಗೆ ಗಡಿಯಾರ ಕೂರಿಸುವ ಮುನ್ನ ಯಾರಾದರೂ ಕೊಂಡರೆ ಒಳ್ಳೆಯದು.

ಹೋಲಿಕೆಗೆ ಅಸಲಿ ವಿಮಾನಗಳನ್ನು ಹತ್ತಿರದಿಂದ ನೋಡಬೇಕೆನ್ನುವವರು ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ, 2001ರಲ್ಲಿ ತೆರೆದ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಎಚ್‌ಎಎಲ್ ತಾನೇ ವಿನ್ಯಾಸ ಮಾಡಿದ, 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನ ಅಲ್ಲಿದೆ. ಲಿಬರೇಟರ್ ನೋಡಬೇಕಾದರೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೇ ಹೋಗಬೇಕು.

ಉಳಿದ ವಿಷಯಗಳನ್ನು ಬೇಗ ಹೇಳುತ್ತೇನೆ. ಮನೆಗೆ ತಲುಪಿಸಿದ ರೀತಿ ಚೆನ್ನಾಗಿತ್ತು. ದಪ್ಪ ಫೋಮ್ ಸುತ್ತಿ ಟೆಂಪೊದಲ್ಲಿ ಮಲಗಿಸಿ ತಂದರು, ಇಬ್ಬರು ಹುಡುಗರು ಮೆಟ್ಟಿಲು ಹತ್ತಿಸಿ ಜಾಗಕ್ಕೆ ನಿಲ್ಲಿಸಿಕೊಟ್ಟರು. ಹಲಸಿನ ಪೀಠ ಗಟ್ಟಿಯಾಗಿದೆ, ಆದರೆ ಅಲಗಿನ ಎತ್ತರಕ್ಕೆ ಅದರ ಅಗಲ ಸಾಲದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೇಲ್ಭಾಗವನ್ನು ಗೋಡೆಗೆ ಒಂದು ಕೊಂಡಿಯಿಂದ ಬಿಗಿಯಲೇಬೇಕು. ಬಫಿಂಗ್ ಮಾಡಿದ ಮೈ ಮಳೆಗಾಲದಲ್ಲಿ ಮಬ್ಬಾಗುತ್ತದೆ, ಆಗಾಗ ಒಣಬಟ್ಟೆಯಿಂದ ಒರೆಸಬೇಕಾಗುತ್ತದೆ. ಫಲಕದ ತಪ್ಪನ್ನು ಪೆನ್ಸಿಲ್ ಅಚ್ಚಿನ ಕಾಗದದೊಂದಿಗೆ ತೋರಿಸಿದಾಗ ಮಾಲೀಕರು ವಾದಕ್ಕಿಳಿಯದೆ, "ಸರಿ ಮೇಡಂ, ಡಕೋಟಾ ಅಂತಲೇ ಹಾಕಿಸಿ ಕೊಡ್ತೀನಿ" ಎಂದು ಹೊಸ ಫಲಕ ಮಾಡಿಸಿಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ. ಅದರಲ್ಲಿ ಯುದ್ಧದ ಹೆಸರು ಬೇಡವೆಂದು, ಕಂಪನಿ, ವಿನ್ಯಾಸದ ಅಂಕಿ, ವಿಮಾನದ ಮಾದರಿ ಇಷ್ಟನ್ನೇ ಬರೆಸಿದೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ: ವಸ್ತುವಿಗೂ ನಡವಳಿಕೆಗೂ ಪೂರ್ತಿ, ಇತಿಹಾಸಕ್ಕೆ ಸೊನ್ನೆ. ಇಲ್ಲಿ ಕೊಳ್ಳುವವರು ಹಿಂದಿನ ಗೋಡೌನಿನಲ್ಲಿರುವ, ಇನ್ನೂ ಬಫಿಂಗ್‌ಗೆ ಹೋಗದ ಅಲಗುಗಳನ್ನು ತೋರಿಸಲು ಕೇಳಬೇಕು; ಕೇಳಿದರೆ ತೋರಿಸುತ್ತಾರೆ, ಬೆಲೆಯೂ ಕಡಿಮೆ. ಅವು ಪೀಠವಿಲ್ಲದೆ ನೆಲದ ಮೇಲೆ ಮಲಗಿರುವುದರಿಂದ ಬುಡವನ್ನು ಅಲ್ಲಿಯೇ ಒರೆಸಿ ಓದಬಹುದು.